ಇಸಿ ಅಂದ್ರೆ ಎಮಿಲ್ ಕ್ರಿಸ್ಟೆನ್ಸನ್: ಝೋವಿ ಇಸಿ2-ಸಿ ಮೌಸ್, ಎಂಟು ತಿಂಗಳ ಬಳಕೆಯ ನಂತರ

ದಸರಾ ರಜೆಗೆ ಬಂದಿದ್ದ ಅಣ್ಣನ ಮಗ ನನ್ನ ಕಂಪ್ಯೂಟರಿನಲ್ಲಿ ವ್ಯಾಲೊರಂಟ್ ಆಡಿ ಎದ್ದವನೇ ಮೌಸ್ ತಿರುಗಿಸಿ ನೋಡಿ, "ಚಿಕ್ಕಪ್ಪಾ, ಇಸಿ ಅಂದ್ರೆ ಏನು?" ಅಂತ ಕೇಳಿದ. ತುಂಬಾ ಜನ ಅದನ್ನ ಮಾಡೆಲ್ ನಂಬರ್ ಅಂದುಕೊಂಡಿದ್ದಾರೆ. ಅಲ್ಲ, ಅದು ಒಬ್ಬ ಆಟಗಾರನ ಇನಿಷಿಯಲ್. ಎಮಿಲ್ ಕ್ರಿಸ್ಟೆನ್ಸನ್, ಸ್ವೀಡನ್‌ನವನು. ಕೌಂಟರ್ ಸ್ಟ್ರೈಕ್ 1.6 ಅನ್ನುವ ಶೂಟಿಂಗ್ ಆಟ ಆಡಿ ಬೆಳೆದವರಿಗೆ ಹೀಟನ್ ಅನ್ನುವ ಅವನ ಆಟದ ಹೆಸರು ಹೇಳಿದರೆ ಸಾಕು.

ನಾವು ಶಿವಮೊಗ್ಗದ ದುರ್ಗಿಗುಡಿಯ ಸೈಬರ್ ಒಂದರಲ್ಲಿ ಗಂಟೆಗೆ 15 ರೂಪಾಯಿ ಕೊಟ್ಟು ಆ ಆಟದ ಡಸ್ಟ್ 2 ಅನ್ನುವ ಮ್ಯಾಪ್ (ಆಡುವ ಅಂಕಣ) ಆಡುತ್ತಿದ್ದೆವು. ಅಲ್ಲಿದ್ದದ್ದು ಗುಂಡಿನ ಮೌಸ್. ಕೂತ ತಕ್ಷಣ ಮೊದಲ ಕೆಲಸ ಅದನ್ನು ಮಗುಚಿ, ಮುಚ್ಚಳ ತಿರುಗಿಸಿ, ಗುಂಡು ತೆಗೆದು, ಒಳಗಿನ ಸಣ್ಣ ರೋಲರಿಗೆ ಉಂಗುರದ ಥರ ಸುತ್ತಿಕೊಂಡ ಕಪ್ಪು ಕೊಳೆಯನ್ನು ಉಗುರಿನಿಂದ ಕೆರೆಯುವುದು. ಅದಾದ ಮೇಲೇ ಆಟ. ಯಾರೋ ಸೀಡಿಯಲ್ಲಿ ಹೀಟನ್ ಆಡಿದ ವಿಡಿಯೊ ತಂದಿದ್ದರು. ಅವನು ಬಟನ್ ಒತ್ತಿ ಹಿಡಿದರೂ ಗುಂಡುಗಳು ಚದುರುತ್ತಿರಲಿಲ್ಲ. ಗನ್ ಮೇಲಕ್ಕೆ ಎಗರಿದಷ್ಟೂ ಅಷ್ಟೇ ಅಳತೆಗೆ ಕೈ ಕೆಳಕ್ಕೆ ಎಳೆಯಬೇಕು, ಅದೂ ಒಂದೆರಡು ಸೆಕೆಂಡಿನೊಳಗೆ. ನಮಗೆ ಹತ್ತು ಗುಂಡಿನಲ್ಲಿ ಏಳು ಗೋಡೆಗೇ ಹೋಗುತ್ತಿದ್ದವು.

2001ರಲ್ಲಿ ನಿಂಜಾಸ್ ಇನ್ ಪೈಜಾಮಾಸ್ ತಂಡದ ಜೊತೆ ಅವನು ಡಲ್ಲಾಸ್‌ನಲ್ಲಿ ಸಿಪಿಎಲ್ ಅನ್ನುವ ವಿಡಿಯೊ ಗೇಮ್ ಪಂದ್ಯಾವಳಿ ಗೆದ್ದ. 2003ರಲ್ಲಿ ಎಸ್‌ಕೆ ಗೇಮಿಂಗ್ ತಂಡದಲ್ಲಿದ್ದುಕೊಂಡು ಸಿಪಿಎಲ್‌ನ ಬೇಸಿಗೆ, ಚಳಿಗಾಲ ಎರಡೂ ಕಪ್ ಗೆದ್ದ. 2007ರಲ್ಲಿ ನಿವೃತ್ತಿ. ಹುಟ್ಟಿದ್ದು 1984ರಲ್ಲಿ, ಲೆಕ್ಕ ಹಾಕಿ. ನಮ್ಮಲ್ಲಿ ಹುಡುಗರು ಡಿಗ್ರಿ ಮುಗಿಸಿ ಮೊದಲ ಕೆಲಸ ಹುಡುಕುವ ವಯಸ್ಸು. ಚೀನಾದ ಲೀಗ್ ಆಫ್ ಲೆಜೆಂಡ್ಸ್ ಆಟಗಾರ ಊಜಿ 2020ರಲ್ಲಿ ನಿವೃತ್ತಿ ಹೇಳಿದಾಗ ಅವನಿಗೂ 23. ನಿದ್ದೆಗೆಟ್ಟು, ಹೊತ್ತುಹೊತ್ತಿಗೆ ಊಟವಿಲ್ಲದೆ ಆಡಿ ಆಡಿ ಟೈಪ್ 2 ಡಯಾಬಿಟಿಸ್ ಬಂದಿತ್ತು, ಕೈಯೂ ಹಾಳಾಗಿತ್ತು. ಆಮೇಲೆ ವಾಪಸ್ ಬಂದು ಸ್ವಲ್ಪ ದಿನ ಆಡಿದ, ಅದು ಬೇರೆ ಮಾತು. ಆದರೆ ಇಷ್ಟು ಚಿಕ್ಕ ವಯಸ್ಸಿಗೆ ನಿವೃತ್ತಿ ಅನ್ನುವ ಪದ ಕೇಳಿದರೇ ನನಗೆ ಸಂಕಟವಾಗುತ್ತದೆ.

ಹೀಟನ್ ಆಟ ಬಿಟ್ಟ ಮೇಲೆ ಸುಮ್ನೆ ಕೂರಲಿಲ್ಲ. 2012ರಲ್ಲಿ ತನ್ನ ಹಳೇ ತಂಡ ನಿಂಜಾಸ್ ಇನ್ ಪೈಜಾಮಾಸ್ ಮತ್ತೆ ಶುರುವಾದಾಗ ಅದನ್ನು ನಡೆಸುವವರ ಸಾಲಿನಲ್ಲಿ ನಿಂತ. ಆ ತಂಡ ಲ್ಯಾನ್ ಪಂದ್ಯಗಳಲ್ಲಿ, ಅಂದರೆ ಎಲ್ಲರೂ ಒಂದೇ ಜಾಗದಲ್ಲಿ ಕೂತು ಆಡುವ ಪಂದ್ಯಗಳಲ್ಲಿ, ಸತತ 87 ಮ್ಯಾಪ್ ಗೆದ್ದಿತು. ಅದಕ್ಕೂ ಮೊದಲೇ ಝೋವಿ ಕಂಪನಿಯವರ ಜೊತೆ ಕೂತು ಈ ಮೌಸಿಗೆ ಆಕಾರ ಕೊಟ್ಟಿದ್ದ. ಅದೇ ಕಂಪನಿಯ ಬೇರೆ ಮೌಸ್‌ಗಳ ಹೆಸರೂ ಆಟಗಾರರದ್ದೇ: ಎಎಮ್ ಅಂದರೆ ಸ್ಪಾನ್ ಅನ್ನುವ ಅಬ್ದಿಸಮದ್ ಮೊಹಮ್ಮದ್, ಎಫ್‌ಕೆ ಅಂದರೆ ಪೋಲೆಂಡಿನ ನಿಯೊ, ಅಂದರೆ ಫಿಲಿಪ್ ಕುಬ್ಸ್ಕಿ. ಕಂಪನಿ 2015ರಲ್ಲಿ ಬೆನ್‌ಕ್ಯೂ ಕೈಗೆ ಹೋದ ಮೇಲೂ ಈ ಅಕ್ಷರಗಳನ್ನು ಬಿಡಲಿಲ್ಲ. ಅದು ನನಗೆ ತುಂಬಾ ಇಷ್ಟವಾದ ವಿಷಯ.

ಸರಿ, ಮೌಸ್ ಹೇಗಿದೆ? ಬಲಗಡೆಗೆ ಇಳಿಜಾರು, ಎಡಗಡೆ ಹೆಬ್ಬೆರಳು ಕೂರುವ ಕಡೆ ಒಳಕ್ಕೆ ಸಣ್ಣ ತಗ್ಗು. ಹಳೇ ಮೈಕ್ರೋಸಾಫ್ಟ್ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ 3.0 ಹಿಡಿದವರಿಗೆ ಪರಿಚಯದ ಆಕಾರ. ಮೇಜಿನ ಮೇಲೆ ಕೈಯನ್ನು ಸಡಿಲವಾಗಿ ಇಟ್ಟರೆ ಅದು ಪೂರ್ತಿ ಮಟ್ಟಸವಾಗಿ ಕೂರಲ್ಲ, ಕಿರುಬೆರಳಿನ ಕಡೆಗೆ ಸ್ವಲ್ಪ ವಾಲುತ್ತದೆ ಅಲ್ವಾ, ಈ ಮೌಸ್ ಕೂಡ ಹಾಗೇ ವಾಲಿದೆ. ಉಂಗುರ ಬೆರಳು ಎಲ್ಲಿಡಲಿ ಅಂತ ಹುಡುಕಬೇಕಾಗಿಲ್ಲ. ಹಗಲೆಲ್ಲ ಎಕ್ಸೆಲ್, ರಾತ್ರಿ ಒಂದು ಗಂಟೆ ಆಟ, ಇದು ನನ್ನ ದಿನ. ಮೊದಲಿನ ಚಪ್ಪಟೆ ಮೌಸಿನಲ್ಲಿ ಸಂಜೆ ಹೊತ್ತಿಗೆ ಮಣಿಕಟ್ಟಿನ ಹೊರಬದಿ ಜುಮ್ಮೆನ್ನುತ್ತಿತ್ತು. ಇದಕ್ಕೆ ಬದಲಾಯಿಸಿದ ಮೂರನೇ ವಾರಕ್ಕೆ ಅದು ನಿಂತಿತು. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳಲಾರೆ, ನನಗಂತೂ ಆಯಿತು.

ತೂಕ 73 ಗ್ರಾಂ. ವೈರ್ ಹಗ್ಗದ ಹಾಗೆ ಮೆತ್ತಗಿದೆ, ಎಳೆದಲ್ಲಿ ತಡೆಯಲ್ಲ. ಬಣ್ಣಬಣ್ಣದ ದೀಪದ ಅಲಂಕಾರ ಇಲ್ಲ, ಸಾಫ್ಟ್‌ವೇರ್ ಇಲ್ಲ. ಸಾಫ್ಟ್‌ವೇರ್ ಇಲ್ಲದಿರುವುದನ್ನು ಕೊರತೆ ಅನ್ನುವವರಿದ್ದಾರೆ, ನಾನು ಒಪ್ಪಲ್ಲ. ಪಂದ್ಯಕ್ಕೆ ಹೋದವನು ಬೇರೆಯವರ ಕಂಪ್ಯೂಟರಿನ ಮುಂದೆ ಕೂರಬೇಕು, ಅಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡದೆ ಚುಚ್ಚಿದ ಕೂಡಲೇ ಮನೆಯಲ್ಲಿದ್ದಂತೆಯೇ ಓಡಬೇಕು. ಸೈಬರ್‌ನಲ್ಲಿ ಆಡಿದವರಿಗೆ ಇದರ ಬೆಲೆ ಗೊತ್ತು. ಡಿಪಿಐ, ಅಂದರೆ ಮೌಸ್ ಸರಿಸಿದಾಗ ಕರ್ಸರ್ ಎಷ್ಟು ದೂರ ಓಡುತ್ತದೆ ಅನ್ನುವ ಲೆಕ್ಕ, ನಾಲ್ಕೇ ಹಂತ: 400, 800, 1600, 3200. ಬದಲಾಯಿಸುವ ಬಟನ್ ಹೊಟ್ಟೆಯ ಕೆಳಗಿದೆ. ಆಟದ ನಡುವೆ ಡಿಪಿಐ ಬದಲಾಯಿಸುವ ಅಭ್ಯಾಸ ಇದ್ದವರು ಬೇರೆ ಮೌಸ್ ನೋಡಿ. ಎಡಗೈಯವರಿಗೂ ಈ ಆಕಾರ ಆಗಿಬರಲ್ಲ. ಎಡಚಿಯಾದ ನನ್ನ ಅಕ್ಕ ಒಂದು ನಿಮಿಷ ಹಿಡಿದು ಕೆಳಗಿಟ್ಟಳು. ವೈರ್ ಬೇಡ ಅಂದರೆ ಇಸಿ2-ಸಿಡಬ್ಲ್ಯೂ ಇದೆ, ಅದಕ್ಕೆ ದುಡ್ಡು ಇನ್ನೂ ಜಾಸ್ತಿ.

ಅಳತೆ ನೋಡದೆ ಮಾತ್ರ ಕೊಳ್ಳಬೇಡಿ. ನಾನು ಆರ್ಡರ್ ಮಾಡಿದ್ದು ಇಸಿ2, ಅಂಗಡಿಯವರು ಕಳಿಸಿದ್ದು ಅದಕ್ಕಿಂತ ದೊಡ್ಡದಾದ ಇಸಿ1. ಡಬ್ಬಿ ನೋಡದೆ ಎರಡು ದಿನ ಬಳಸಿದೆ, ಕೈ ತುಂಬಿ ತುಳುಕುವ ಹಾಗಾಗಿ ಬೆರಳು ಮುಂದಕ್ಕೆ ಎಟುಕುತ್ತಿರಲಿಲ್ಲ. ವಾಪಸ್ ಕೊಡಲು ಮೂರು ವಾರ, ಎಷ್ಟು ಫೋನ್ ಮಾಡಿದೆನೋ ಲೆಕ್ಕವಿಲ್ಲ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ನನ್ನದು 18.5 ಸೆಂಟಿಮೀಟರ್, ಇಸಿ2 ಹೇಳಿ ಮಾಡಿಸಿದ ಹಾಗಿದೆ. ನನ್ನ ಅನುಭವದಲ್ಲಿ 20ರ ಹತ್ತಿರ ಇದ್ದವರಿಗೆ ಇಸಿ1 ಸರಿ.

ಅಣ್ಣನ ಮಗನ ಕೈಯನ್ನೂ ಅವನ ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲೇ ಅಳೆದೆ. 16.5. ಅವನಿಗೆ ಇನ್ನೂ ಚಿಕ್ಕದಾದ ಇಸಿ3 ತರಿಸುತ್ತಿದ್ದೇನೆ, ಈ ಸಲ ಬೇರೆ ಅಂಗಡಿಯಿಂದ.