ಕಿಟಕ್ ಹಳಿ ಜೊತೆ ನಾಲ್ಕು ವರ್ಷ, ಮಧ್ಯದಲ್ಲಿ ಒಂದು ಫ್ಲಶ್ ಡೋರ್

ಮನೆಯಲ್ಲಿ ಓಡಿಸುವ ಮಾದರಿ ರೈಲಿನ ಹಳಿಯ ಕಥೆ ಇದು. ಕಂಪನಿ ಹೆಸರು ಹೇಳುವುದಿಲ್ಲ, ಯಾಕಂದ್ರೆ ಬೈಯುವುದೂ ಇದೆ. ಪ್ಲಾಸ್ಟಿಕ್ ಜಲ್ಲಿಯ ತಳ ಅಂಟಿಕೊಂಡೇ ಬರುವ, ಒಂದಕ್ಕೊಂದು ಕಿಟಕ್ ಅಂತ ಕೂರುವ ಎನ್ ಸ್ಕೇಲ್ ಅನ್ನುವ ಪುಟ್ಟ ಅಳತೆಯ ಹಳಿ. ಆ ಶಬ್ದಕ್ಕೇ ಮರುಳಾಗಿ ಕೊಂಡೆ. ತಿಂಗಳಿಗೊಂದು ಪ್ಯಾಕೆಟ್, ಸಂಬಳ ಬಂದ ವಾರ.

ದೊಡ್ಡ ಎಚ್‌ಒ ಸ್ಕೇಲ್ ಆಸೆ ಇತ್ತು. ಆದರೆ ಅದರಲ್ಲಿ ಸಾಮಾನ್ಯವಾಗಿ ಸಿಗುವ 18 ಇಂಚು ತ್ರಿಜ್ಯದ ತಿರುವು ಹಾಕಿದರೆ, ಗಾಡಿ ಸುಮ್ನೆ ತಿರುಗಿ ಬರುವುದಕ್ಕೇ 36 ಇಂಚಿಗಿಂತ ಜಾಸ್ತಿ ಅಗಲ ಬೇಕು. ನಮ್ಮ ಹಾಲ್‌ನಲ್ಲಿ ಅಷ್ಟು ಜಾಗ ಬಿಟ್ಟರೆ ಸೋಫಾ ಹೊರಗೆ ಹೋಗಬೇಕು.

ಮೊದಲ ಎರಡು ವರ್ಷ ನೆಲದ ಮೇಲೆ. ರಾತ್ರಿ ಊಟ ಆದ ಮೇಲೆ ಹಳಿ ಜೋಡಿಸುವುದು, ಮಲಗುವ ಮುಂಚೆ ಬಿಚ್ಚುವುದು. ಬೆಳಗ್ಗೆ ಆರಕ್ಕೆ ಅಮ್ಮ ನೆಲ ಒರೆಸುತ್ತಾರೆ, ಅದರಲ್ಲಿ ರಾಜಿ ಇಲ್ಲ. ದಿನಾ ಹೊಸ ವಿನ್ಯಾಸ, ಅದೊಂದು ಖುಷಿ. ಒಮ್ಮೆ ಗಾಡಿ ಹೋಗಿ ಸುತ್ತು ಹಾಕಿ ಅದೇ ಹಳಿಗೆ ವಾಪಸ್ ಬರುವ ಹಾಗೆ ಕುಣಿಕೆ ಹಾಕಿದೆ. ಎಡ ಹಳಿ ಬಂದು ಬಲ ಹಳಿಗೆ ಸೇರಿ ಶಾರ್ಟ್ ಸರ್ಕ್ಯೂಟ್! ಎರಡು ಹಳಿಯಲ್ಲಿ ಕರೆಂಟ್ ಓಡಿಸುವ ಎಲ್ಲರೂ ಒಂದು ಸಲ ಮಾಡುವ ತಪ್ಪಂತೆ ಅದು.

ವರ್ಷ ಕಳೆಯುವಷ್ಟರಲ್ಲಿ ರೋಗ ಶುರುವಾಯಿತು. ಹಳಿಗೆ ಕರೆಂಟ್ ಕೊಡುವ ಕಂಟ್ರೋಲರ್ ಹತ್ತಿರ ಜೋರಾಗಿ ಹೊರಡುವ ಎಂಜಿನ್, ಟಿವಿ ಸ್ಟ್ಯಾಂಡ್ ಹತ್ತಿರ ಬರುವಾಗ ಏದುಸಿರು ಬಿಡುವುದು. ಎಂಜಿನ್ ಬಿಚ್ಚಿದೆ, ಎಣ್ಣೆ ಬಿಟ್ಟೆ, ಬೈದೆ. ಕೊನೆಗೆ ಮಲ್ಟಿಮೀಟರ್ ಹಿಡಿದರೆ ಒಂದು ಕಡೆ 9 ವೋಲ್ಟ್, ಎದುರು ಕಡೆ 6. ಎಂಜಿನ್ ಪಾಪ ನಿರಪರಾಧಿ. ಹಳಿಯ ತುದಿಯಲ್ಲಿರುವ ಚಿಕ್ಕ ಲೋಹದ ಕ್ಲಿಪ್ಪು, ಕರೆಂಟ್ ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವುದು ಅದರ ಮೂಲಕವೇ. ದಿನಾ ಎಳೆದೆಳೆದು ಬಿಚ್ಚಿದರೆ ಬಾಯಿ ಅಗಲವಾಗಿ ಸಡಿಲಾಗುತ್ತದೆ. ನಲವತ್ತು ತುಂಡು, ನಲವತ್ತು ಸಡಿಲ ಬಾಯಿ. "ಎಷ್ಟು ಸಲ ಬೇಕಾದರೂ ಬಿಚ್ಚಿ ಜೋಡಿಸಿ" ಅಂತ ಮಾರುವವರಿಗೆ ಇದು ಗೊತ್ತಿಲ್ವಾ? ಒಂದಿಡೀ ಮಳೆಗಾಲ ಹಳಿ ಡಬ್ಬದಲ್ಲೇ ಇತ್ತು.

ಆಮೇಲೆ ಪ್ಲೈವುಡ್ ಅಂಗಡಿಯಲ್ಲಿ ಗೋಡೆಗೆ ಒರಗಿಸಿದ್ದ ಫ್ಲಶ್ ಡೋರ್ ಕಣ್ಣಿಗೆ ಬಿತ್ತು. 78 ಇಂಚು ಉದ್ದ, 30 ಅಗಲ, ಒಳಗೆ ಟೊಳ್ಳು. ಮೂಲೆ ಪೆಟ್ಟಾಗಿತ್ತು, ಅರ್ಧ ರೇಟಿಗೆ ಕೊಟ್ಟರು. 348 ಮಿಲಿಮೀಟರ್ ತ್ರಿಜ್ಯದ ತಿರುವು ತಳ ಸಮೇತ ಅದರ ಮೇಲೆ ಕೂತಿತು, ಅಂಚಿಗೆ ಎರಡೆರಡು ಸೆಂಟಿಮೀಟರ್ ಉಳಿಯಿತು. ಡಬಲ್ ಸೈಡ್ ಟೇಪ್ ಹಾಕಿ ಹಳಿ ಅಂಟಿಸಿದೆ. ನಾಲ್ಕು ಕಡೆ ವೈರ್ ಬೆಸುಗೆ ಹಾಕಿ ಬಾಗಿಲ ಅಡಿಯಿಂದ ಕರೆಂಟ್ ಕೊಟ್ಟೆ. ಅಷ್ಟೇ. ಟಿವಿ ಸ್ಟ್ಯಾಂಡ್ ಕಡೆಯ ಏದುಸಿರು ನಿಂತೇ ಹೋಯಿತು. ಬಿಚ್ಚುವ ಹಳಿಯನ್ನು ಬಿಚ್ಚದೆ ಬಿಟ್ಟ ಮೇಲೆ ಅದಕ್ಕಿಂತ ಒಳ್ಳೆ ಹಳಿ ಇಲ್ಲ ಅನ್ನಿಸಿದೆ, ನಗು ಬರುತ್ತದೆ.

ಸಕಲೇಶಪುರ ಘಾಟಿ ಮಾಡುವ ಕನಸು ಮಾತ್ರ ಲೆಕ್ಕದಲ್ಲೇ ಬಿದ್ದುಹೋಯಿತು. ಅಲ್ಲಿನ ರೈಲು ಹಳಿಯ ಏರು 50ಕ್ಕೆ 1, 50 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಒಂದು ಹಳಿ ಇನ್ನೊಂದರ ಮೇಲೆ ದಾಟಲು ಸುಮಾರು 5 ಸೆಂಟಿಮೀಟರ್ ಎತ್ತರ ಬೇಕು, ಅಂದರೆ ಏರಲು ಎರಡೂವರೆ ಮೀಟರ್, ಇಳಿಯಲು ಅಷ್ಟೇ. ನನ್ನ ಬಾಗಿಲ ಸುತ್ತು ಇರುವುದೇ ನಾಲ್ಕೂವರೆ ಮೀಟರ್ ಚಿಲ್ಲರೆ. ಹಟ ಹಿಡಿದು 25ಕ್ಕೆ 1 ಏರು ಹಾಕಿ ನೋಡಿದೆ. ಐದನೇ ಬೋಗಿ ಸೇರಿಸಿದ ಕೂಡಲೇ ಚಕ್ರ ನಿಂತಲ್ಲೇ ಗಿರಗಿರ. ಈಗ ಎಲ್ಲ ಸಪಾಟು, ಮಂಡ್ಯದ ಬಯಲು ಅಂದುಕೊಂಡಿದ್ದೇನೆ.

ದಿನದ ಕೆಲಸ ಇನ್ನೂ ಇದೆ, ನನಗೆ ಅದೇ ಇಷ್ಟ. ಹಳೆ ಬನಿಯನ್ ತುಂಡು, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಐಸೊಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ. ಬೆರಳಿಗೆ ಸುತ್ತಿ ಹಳಿ ಮೇಲೆ ಒಂದು ಸುತ್ತು ಎಳೆದರೆ ಬಟ್ಟೆ ಮೇಲೆ ಎರಡು ಕಪ್ಪು ಗೆರೆ. ಎರಡನೇ ಸುತ್ತಿಗೆ ಬೂದು. ಮೂರನೆಯದಕ್ಕೆ ಏನೂ ಇಲ್ಲ. ಸ್ಯಾಂಡ್‌ಪೇಪರ್ ಮಾತ್ರ ಮುಟ್ಟಿಸಬೇಡಿ, ಗೀರು ಬಿದ್ದ ಕಡೆಯೆಲ್ಲ ಕೊಳೆ ಮತ್ತೆ ಬೇಗ ಕೂರುತ್ತದೆ.

ಹತ್ತು ಗಂಟೆಗೆ ಬಾಗಿಲು ಮಂಚದ ಕೆಳಗೆ. ತಡವಾದರೆ ಅಮ್ಮನೇ ಕೇಳುತ್ತಾರೆ, "ಏನೋ, ಗಾಡಿ ಇನ್ನೂ ಶೆಡ್ಡಿಗೆ ಹೋಗಿಲ್ವಾ?"

ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ, ಅದೇ ಕಂಪನಿಯ ಪಾಯಿಂಟ್ ಬಗ್ಗೆ ಈಗಲೇ ಕೇಳಬೇಡಿ. ನಿನ್ನೆಯಷ್ಟೇ ಮೂರು ಬೋಗಿ ಹಳಿ ತಪ್ಪಿವೆ, ಸಿಟ್ಟು ಇನ್ನೂ ಇಳಿದಿಲ್ಲ.