ಬಾತ್‌ರೂಮ್ ರಿಪೇರಿ ಮುಗಿಯಿತೆಂದು ಬೆಕ್ಕನ್ನು ಹೊರಗೆ ಬಿಡುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಬೆಕ್ಕು ಸಾಕಿದ್ದೀರಾ? ಟೈಲ್ಸ್ ಒಡೆಸುವ ಕೆಲಸವೇನಾದರೂ ಬಂದರೆ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಕಳೆದ ತಿಂಗಳು ನಮ್ಮ ಬೆಳ್ಳಿ ಉಳಿದಿದ್ದೇ ಹೆಚ್ಚು. ಅವಳ ಮೇಲೆ ಟೈಲ್ ಬೀಳಲಿಲ್ಲ, ಉಳಿ ಸುತ್ತಿಗೆ ತಾಗಲಿಲ್ಲ. ಕೆಲಸವೆಲ್ಲ ಮುಗಿದು, ನೆಲ ತೊಳೆದು, ಕೆಲಸದವರು ದುಡ್ಡು ತೆಗೆದುಕೊಂಡು ಹೋದ ಮೇಲೆ ಆದದ್ದು ಇದು.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮಾವನವರು 1994ರಲ್ಲಿ ಕಟ್ಟಿಸಿದ ಮನೆ. ಗೋಡೆಯ ಒಳಗೆ ಆ ಕಾಲದ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಇಷ್ಟು ವರ್ಷದಲ್ಲಿ ಒಳಗೊಳಗೇ ತುಕ್ಕು ಹಿಡಿದಿತ್ತು, ನಮಗೆ ಗೊತ್ತೇ ಆಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಮಲಗುವ ಕೋಣೆಯ ಗೋಡೆಯ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಿಟ್ಟರೆ ಪುಡಿಪುಡಿಯಾಗಿ ಉದುರಿತು, ಹಿಂದೆ ಗಾರೆಯೆಲ್ಲ ಒದ್ದೆ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಬುಡದಲ್ಲಿ ನೀರು ಜಿನುಗತೊಡಗಿತು. ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ಗೊತ್ತಿದ್ದ ಪ್ಲಂಬರ್‌ಗೆ ಫೋನ್ ಮಾಡಿದೆವು. ಬಾತ್‌ರೂಮಿನ ಕಡೆಯಿಂದ ಟೈಲ್ಸ್ ಒಡೆದು, ಹಳೇ ಪೈಪು ಕಿತ್ತು, ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಾಕಬೇಕು, ಮೂರು ದಿನದ ಕೆಲಸ ಅಂದರು.

ಬೆಳ್ಳಿಗೆ ನಾಲ್ಕು ವರ್ಷ. ಬೂದು ಬಣ್ಣ, ನಾಲ್ಕೂ ಪಾದ ಮಾತ್ರ ಬಿಳಿ. ಮನೆಗೆ ಹೊಸ ಚೀಲ ಬಂದರೂ ಒಳಗೆ ತಲೆ ಹಾಕಿ ನೋಡಲೇಬೇಕು. ಬೇಸಿಗೆಯಲ್ಲಿ ಬಾತ್‌ರೂಮಿನ ತಣ್ಣನೆ ನೆಲವೇ ಅವಳ ಹಾಸಿಗೆ. ಅಂಥವಳ ಜಾಗಕ್ಕೆ ಯಾರೋ ಬಂದು ದಬದಬ ಬಡಿಯುತ್ತಿದ್ದರೆ ಸುಮ್ನೆ ಇರ್ತಾಳಾ? ಮೊದಲ ದಿನವೇ ಪ್ಲಂಬರ್ ಪೈಪು ನೋಡಲು ಅಟ್ಟದ ಬಾಗಿಲು ತೆಗೆದಾಗ ಏಣಿ ಹತ್ತಿ ಒಳಗೆ ಹೋಗಿಬಿಟ್ಟಿದ್ದಳು. ಯಾರೂ ನೋಡಿರಲಿಲ್ಲ. ಬಾಗಿಲು ಹಾಕಿದರು. ಎರಡು ಗಂಟೆ ಬೀದಿಯೆಲ್ಲ ಹುಡುಕಿದೆವು. ಕೊನೆಗೆ ಅತ್ತೆಗೆ ಅಟ್ಟದಿಂದ ಸಣ್ಣ ದನಿ ಕೇಳಿಸಿತು.

ಅಲ್ಲಿಂದ ಎಚ್ಚರಾದೆವು. ಮರುದಿನದಿಂದ ಕೆಲಸದವರು ಬರುವ ಮುಂಚೆಯೇ ಅವಳನ್ನು ಹಿಂದಿನ ಕೋಣೆಯಲ್ಲಿ ಇಟ್ಟು, ಬಾಗಿಲಿಗೆ ‘ಬೆಕ್ಕಿದೆ, ತೆಗೆಯಬೇಡಿ’ ಎಂದು ಚೀಟಿ ಅಂಟಿಸಿದೆ. ಸಂಜೆ ಅವರು ಹೋದ ಮೇಲೆ ಬಿಡುತ್ತಿದ್ದೆ. ಕೆಲಸ ನಡೆಯುವಾಗ ಮಾತ್ರ ಅಪಾಯ ಅಂದುಕೊಂಡಿದ್ದೆ. ನನ್ನ ತಪ್ಪು ಆದದ್ದು ಅಲ್ಲೇ.

ಮೂರನೇ ದಿನ ಗಾರೆ ಕೆಲಸದವರು ಹೊಸ ಟೈಲ್ಸ್ ಕೂರಿಸಿ, ಸಂದುಗಳಿಗೆ ವೈಟ್ ಸಿಮೆಂಟ್ ತುಂಬಿದರು. ನೆಲದ ಮೇಲೆ ಸಿಮೆಂಟಿನ ಕಲೆ ಉಳಿದಿತ್ತು. ಜೊತೆಗಿದ್ದ ಹುಡುಗ ನೀರಿನ ಬಾಟಲಿಯಲ್ಲಿ ತಂದಿದ್ದ ಆಸಿಡ್ ಸುರಿದು ಬ್ರಷ್ ಹಾಕಿ ಉಜ್ಜಿದ, ನೀರು ಹೊಯ್ದ. ಆಮೇಲೆ ನಮ್ಮದೇ ಕಪ್ಪು ಫಿನಾಯಿಲ್ ಕೇಳಿ ಹಾಕಿ ಗುಡಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲ ಮನೆಯಲ್ಲೂ ‘ಕ್ಲೀನಾಗಿ ತೊಳೆದು ಹೋಗಪ್ಪ’ ಅಂತಾರೆ, ನಾನೂ ಹಾಗೇ ಅಂದಿದ್ದೆ. ಬೇಗ ಒಣಗಲಿ ಎಂದು ಬಾತ್‌ರೂಮಿನ ಬಾಗಿಲು ತೆರೆದೇ ಇಟ್ಟೆವು. ಬೆಳ್ಳಿಯನ್ನೂ ಬಿಟ್ಟೆ.

ರಾತ್ರಿ ಒಂಬತ್ತರ ಸುಮಾರಿಗೆ ಸೋಫಾದ ಮೇಲೆ ಕೂತು ಕಾಲು ನೆಕ್ಕುತ್ತಿದ್ದಳು. ಬೆಕ್ಕು ಕಾಲು ನೆಕ್ಕುವುದು ಹೊಸದಲ್ಲವಲ್ಲ. ಆದರೆ ನಿಲ್ಲಿಸಲೇ ಇಲ್ಲ. ಅದೇ ಮುಂಗಾಲು, ಅದೇ ಬೆರಳ ಸಂದು, ಮತ್ತೆ ಮತ್ತೆ. ತೊಡೆ ಮೇಲೆ ಹಾಕಿಕೊಂಡು ಬೆರಳು ಬಿಡಿಸಿ ನೋಡಿದೆ. ಬಿಳಿ ಕೂದಲ ನಡುವೆ ರಾಗಿ ಕಾಳಿನಷ್ಟು ಸಿಮೆಂಟು ಗಟ್ಟಿಯಾಗಿ ಕೂತಿತ್ತು. ಗುಲಾಬಿ ಬಣ್ಣದ ಅಂಗಾಲು ಕೆಂಪಗಾಗಿತ್ತು. ಮೂಗಿಗೆ ಫಿನಾಯಿಲ್ ವಾಸನೆ ಬಡಿಯಿತು. ಒದ್ದೆ ಬಟ್ಟೆಯಲ್ಲಿ ಮುಂಗಾಲು ಒರೆಸಿ ಮಲಗಿದೆ. ಹಿಂಗಾಲು ನೋಡಲೇ ಇಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ದಿಂಬಿನ ಪಕ್ಕ ಏನೋ ಒದ್ದೆ. ಲೈಟ್ ಹಾಕಿದರೆ ಬೆಳ್ಳಿಯ ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ಗದ್ದ, ಎದೆ ಎಲ್ಲ ತೊಯ್ದಿತ್ತು. ಪಂಜದಿಂದ ಬಾಯಿ ಉಜ್ಜಿಕೊಳ್ಳುತ್ತಿದ್ದಳು. ನೀರಿನ ಬಟ್ಟಲ ಹತ್ತಿರ ಹೋಗುವಳು, ಮೂತಿ ಇಡುವಳು, ಚುರ್ ಎಂದವಳ ಹಾಗೆ ಹಿಂದೆ ಸರಿಯುವಳು.

ಏಳಕ್ಕೆ ಡಾಕ್ಟರ ಬಾಗಿಲಲ್ಲಿ ಇದ್ದೆವು. ಅವರು ಬಾಯಿ ತೆರೆದು ಟಾರ್ಚ್ ಬಿಟ್ಟು ತೋರಿಸಿದರು. ನಾಲಿಗೆಯ ಅಂಚಿನಲ್ಲಿ ಮೂರು ಹುಣ್ಣು, ಒಂದೊಂದೂ ಅಕ್ಕಿ ಕಾಳಿನಷ್ಟು. ಮೊದಲು ಕೇಳಿದ ಪ್ರಶ್ನೆ, ‘ನೆಲಕ್ಕೆ ಏನು ಹಾಕಿದ್ರಿ?’ ಎಂದು. ಯಜಮಾನರಿಗೆ ಫೋನ್ ಮಾಡಿ ಬಾಟಲಿಗಳ ಫೋಟೋ ತರಿಸಿದೆ. ಫಿನಾಯಿಲ್‌ಗೆ ಲೇಬಲ್ ಇತ್ತು. ಆಸಿಡ್ ಬಾಟಲಿಗೆ ಏನೂ ಇರಲಿಲ್ಲ. ಸಿಮೆಂಟು, ಆಸಿಡ್, ಫಿನಾಯಿಲ್, ಈ ಮೂರರಲ್ಲಿ ಯಾವುದು ಎಷ್ಟು ಸುಟ್ಟಿತು ಎಂದು ಹೇಳಲು ಆಗುವುದಿಲ್ಲ, ಮೂರೂ ಸುಡುವಂಥವೇ ಅಂದರು.

ಅವರು ಬಿಡಿಸಿ ಹೇಳಿದ್ದು ನನಗೆ ಮುಂಚೆಯೇ ಗೊತ್ತಿರಬೇಕಿತ್ತು. ಹಸಿ ಸಿಮೆಂಟು ಸುಣ್ಣದ ಹಾಗೆ ಸುಡುವ ಕ್ಷಾರ. ಅದರ ಪಿಹೆಚ್ (ಆಮ್ಲವೋ ಕ್ಷಾರವೋ ಎಂದು ಅಳೆಯುವ ಲೆಕ್ಕ, 7 ದಾಟಿದರೆ ಕ್ಷಾರ) 12ಕ್ಕೂ ಜಾಸ್ತಿ. ಗಾರೆ ಕೆಲಸದವರ ಬೆರಳು ನೋಡಿ, ಚರ್ಮ ಬಿರಿದು ಹೋಗಿರುತ್ತದೆ. ಅವರದು ಕೆಲಸ ಮಾಡಿ ಗಟ್ಟಿಯಾದ ಕೈ. ಇದು ಬೆಕ್ಕಿನ ಅಂಗಾಲು, ಆಮೇಲೆ ನಾಲಿಗೆ. ಫಿನಾಯಿಲ್ ಕಥೆ ಇನ್ನೂ ಕೆಟ್ಟದ್ದು. ನೀರಿಗೆ ಬಿದ್ದ ತಕ್ಷಣ ಹಾಲಿನ ಹಾಗೆ ಬೆಳ್ಳಗಾಗುವ ಆ ಕಪ್ಪು ಫಿನಾಯಿಲ್‌ನಲ್ಲಿ ಫೀನಾಲ್ ಜಾತಿಯ ರಾಸಾಯನಿಕ ಇರುತ್ತದೆ. ಅದನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ನಮ್ಮ ಲಿವರ್‌ಗೆ ಇದೆ, ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ಜ್ವರಕ್ಕೆ ನಾವು ನುಂಗುವ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು, ಅದಕ್ಕೂ ಕಾರಣ ಇದೇ. ಇನ್ನು ಬೆಕ್ಕಿನ ನಾಲಿಗೆ ಮೇಲೆಲ್ಲ ಹಿಂದಕ್ಕೆ ಬಾಗಿದ ಮುಳ್ಳುಗಳು. ಅಂಟಿದ್ದನ್ನು ಉಗಿಯಲು ಅದಕ್ಕೆ ಬರುವುದಿಲ್ಲ, ನುಂಗಲೇಬೇಕು. ಅಂದರೆ ನೆಲಕ್ಕೆ ನಾವು ಹಾಕಿದ್ದೆಲ್ಲ ಕಾಲಿನಿಂದ ಬಾಯಿಗೆ, ಬಾಯಿಂದ ಹೊಟ್ಟೆಗೆ.

ಮೂರು ದಿನ ಡ್ರಿಪ್ ಹಾಕಿಸಲು ಓಡಾಡಿದೆವು. ನೋವಿಗೆ ಇಂಜೆಕ್ಷನ್, ಹುಣ್ಣಿಗೆ ಸಿರಪ್. ಬೆಕ್ಕು ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ ಲಿವರ್‌ಗೆ ಕೊಬ್ಬು ತುಂಬಿಕೊಂಡು ಬೇರೆಯೇ ಕಾಯಿಲೆ ಶುರುವಾಗುತ್ತದಂತೆ. ಹಾಗಾಗಿ ಬೇಯಿಸಿದ ಕೋಳಿಯನ್ನು ಮಿಕ್ಸಿಗೆ ಹಾಕಿ ತೆಳ್ಳಗೆ ಮಾಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಕೊಟ್ಟೆ. ನಾಲ್ಕು ದಿನ, ಎರಡು ಗಂಟೆಗೊಮ್ಮೆ, ರಾತ್ರಿಯೂ. ಐದನೇ ದಿನ ತಾನಾಗೇ ಬಟ್ಟಲಿಗೆ ಬಾಯಿ ಹಾಕಿದಳು. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಈಗ ಯಾರು ಮನೆ ರಿಪೇರಿ ಅಂದರೂ ನಾನು ಇದನ್ನೇ ಹೇಳುತ್ತೇನೆ. ಕೆಲಸ ಶುರುವಾಗುವ ಮೊದಲೇ ಗಾರೆಯವರಿಗೆ ಹೇಳಿಬಿಡಿ: ಆಸಿಡ್ ಬೇಡ, ಫಿನಾಯಿಲ್ ಬೇಡ. ಸಿಮೆಂಟು ಹಸಿ ಇರುವಾಗಲೇ ಒದ್ದೆ ಸ್ಪಂಜಿನಲ್ಲಿ ಒರೆಸಿದರೆ ಆಸಿಡ್ ಬೇಕಾಗುವುದೇ ಇಲ್ಲ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಆಸಿಡ್ ಹಾಕಿದ ನೆಲಕ್ಕೆ ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಅದು ಮನುಷ್ಯರಿಗೂ ವಿಷ. ಕೊನೆಗೆ ಬರೀ ನೀರಿನಲ್ಲಿ ಎರಡು ಮೂರು ಸಲ ನೀವೇ ತೊಳೆಯಿರಿ. ಸಂದಿನ ಸಿಮೆಂಟು ಗಟ್ಟಿಯಾಗಿ ನೆಲ ಪೂರ್ತಿ ಒಣಗುವ ತನಕ ಬಾತ್‌ರೂಮಿನ ಬಾಗಿಲು ಮುಚ್ಚಿಡಿ. ಅಟ್ಟ, ಗೋಡೆಯ ಕಂಡಿ ಏನೇ ಮುಚ್ಚುವ ಮುಂಚೆ ಬೆಕ್ಕು ಎಲ್ಲಿದೆ ಎಂದು ಕಣ್ಣಾರೆ ನೋಡಿ.

ಇಷ್ಟಾಗಿಯೂ ಮೆಟ್ಟಿಬಿಟ್ಟರೆ, ಮೊದಲು ಟವೆಲ್‌ನಲ್ಲಿ ಸುತ್ತಿ ಹಿಡಿದು ನೆಕ್ಕುವುದನ್ನು ನಿಲ್ಲಿಸಿ. ನಾಲ್ಕೂ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಬೆರಳ ಸಂದು ಬಿಡಿಸಿ, ಹದಿನೈದು ನಿಮಿಷವಾದರೂ ತೊಳೆಯಿರಿ. ನಾನು ಮಾಡಿದ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಲದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದು ನಮಗೆ ಪಕ್ಕದ ಮನೆಯವರು ಒಳ್ಳೇ ಮನಸ್ಸಿಂದಲೇ ಹೇಳಿದ್ದರು. ಮಾಡಲಿಲ್ಲ, ಸದ್ಯ. ಸುಟ್ಟುಕೊಂಡು ಒಳಗೆ ಹೋದದ್ದು ವಾಪಸ್ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ ಎಂದರು ಡಾಕ್ಟರ್. ಜೊಲ್ಲು ಬರಲಿ ಎಂದು ಕಾಯಬೇಡಿ. ಹುಣ್ಣು ಏಳಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ರಾತ್ರಿಯಾಗಿ ಆಸ್ಪತ್ರೆ ಮುಚ್ಚಿರುತ್ತದೆ. ಬಾಟಲಿಯ ಫೋಟೋ ಜೊತೆಗಿರಲಿ. ನಾಯಿ ಇರುವವರಿಗೂ ಇದನ್ನೇ ಹೇಳುತ್ತೇನೆ, ಅವೂ ಕಾಲು ನೆಕ್ಕುತ್ತವಲ್ಲ.

ಮುಂದಿನ ವಾರ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವುದಿದೆ. ಅದೇ ಗಾರೆಯವರೇ ಬರುತ್ತಾರೆ. ಫೋನಿನಲ್ಲಿ ಮಾತಾಡುವಾಗ ನಾನು ಬಾಯಿ ತೆರೆಯುವ ಮುಂಚೆ ಅವರೇ ‘ಅಕ್ಕಾ, ಬೆಕ್ಕು ಹೇಗಿದೆ? ಆಸಿಡ್ ತರಲ್ಲ ಬಿಡಿ’ ಅಂದರು. ಆದರೂ ಬೆಳ್ಳಿಯನ್ನು ನಾಲ್ಕು ದಿನ ನಂಜನಗೂಡಿನ ತಂಗಿ ಮನೆಯಲ್ಲಿ ಬಿಟ್ಟು ಬರುತ್ತಿದ್ದೇನೆ.