ಸ್ಟ್ರೇಗಾ ಇದ್ದರೆ ಗಲ್ಲಿಯಾನೊ ಯಾಕೆ?

ಮೊದಲೇ ಹೇಳಿಬಿಡುತ್ತೇನೆ: ಊಟವಾದ ಮೇಲೆ ಸಣ್ಣ ಗ್ಲಾಸಿನಲ್ಲಿ ಏನಾದರೂ ಸಿಹಿ-ಖಾರ ಗುಟುಕರಿಸುವ ಅಭ್ಯಾಸ ಇದ್ದವರಿಗೆ ಸ್ಟ್ರೇಗಾ. ಗಲ್ಲಿಯಾನೊ ಕೆಟ್ಟದ್ದಲ್ಲ, ಅದರ ಕೆಲಸವೇ ಬೇರೆ. ಎರಡೂ ಇಟಲಿಯ ಗಿಡಮೂಲಿಕೆ ಲಿಕ್ಯೂರ್, ಅಂದರೆ ಸಕ್ಕರೆ ಬೆರೆಸಿದ ಗಟ್ಟಿ ಮದ್ಯ; ಎರಡೂ ಹಳದಿ, ಎರಡೂ ಸಿಹಿ. ಹಾಗಾಗಿ ಒಂದರ ಬದಲು ಇನ್ನೊಂದನ್ನು ಎತ್ತಿಕೊಂಡು ಬರುವುದು ಸುಲಭ. ಮನೆಯಲ್ಲಿ ಮುಚ್ಚಳ ತೆಗೆದಾಗಲೇ ಎಡವಟ್ಟು ಗೊತ್ತಾಗುವುದು.

ಸ್ಟ್ರೇಗಾ 1860ರಲ್ಲಿ ಬೆನೆವೆಂತೊ ಊರಿನಲ್ಲಿ ಜುಸೆಪ್ಪೆ ಆಲ್ಬೆರ್ತಿ ಶುರುಮಾಡಿದ್ದು. ನೇಪಲ್ಸ್‌ನಿಂದ ಒಳನಾಡಿಗೆ ಹೋದರೆ ಸಿಗುವ ಊರು ಅದು. ಹೆಸರಿನ ಅರ್ಥ ಮಾಟಗಾತಿ. ನಾವು ಹುಣಸೆಮರಕ್ಕೆ ದೆವ್ವ ಅಂಟಿಸಿದ ಹಾಗೆ ಅಲ್ಲಿನವರು ಅಕ್ರೋಟು ಮರಕ್ಕೆ ಮಾಟಗಾತಿಯರನ್ನು ಅಂಟಿಸಿದ್ದಾರೆ; ರಾತ್ರಿ ಆ ಮರದ ಸುತ್ತ ಸೇರಿ ಕುಣಿಯುತ್ತಿದ್ದರಂತೆ. ಇಟಲಿಯಲ್ಲಿ 1947ರಿಂದ ಕಾದಂಬರಿ-ಕತೆಗಳಿಗೆ ಕೊಡುವ ಸ್ಟ್ರೇಗಾ ಪ್ರಶಸ್ತಿಗೂ ಹೆಸರು ಬಂದದ್ದು ಇದೇ ಬಾಟಲಿಯಿಂದ.

ಒಳಗೆ ಸುಮಾರು 70 ಬಗೆಯ ಸೊಪ್ಪು, ಬೇರು, ಮಸಾಲೆ: ಸಿಲೋನ್ ದಾಲ್ಚಿನ್ನಿ, ಐರಿಸ್ ಬೇರು, ಜ್ಯೂನಿಪರ್, ಆ ಸೀಮೆಯ ಕಾಡುಪುದೀನ. ಹಳದಿ ಬಣ್ಣ ಕೇಸರಿಯದು. ನಾಲಿಗೆಗೆ ಮೊದಲು ತಾಗುವುದು ಪುದೀನದ ತಂಪು, ಹಿಂದೆಯೇ ಬಡೇಸೋಪು. ನುಂಗಿದ ಮೇಲೆ, ಅರ್ಧ ನಿಮಿಷ ಕಳೆದು, ಕೇಸರಿಯ ಜೇನಿನಂಥ ಸಣ್ಣ ಕಹಿ ಗಂಟಲಲ್ಲಿ ನಿಲ್ಲುತ್ತದೆ. ಆ ಕಹಿ ಇರುವುದರಿಂದಲೇ ಇಷ್ಟು ಸಿಹಿಯಾದ ಪೇಯವೂ ಮುಖಕ್ಕೆ ಹೊಡೆಯುವುದಿಲ್ಲ.

ಗಲ್ಲಿಯಾನೊ 1896ರದು, ತೊಸ್ಕಾನಾದ ಲಿವೊರ್ನೊ ಬಂದರಿನದು, ಆರ್ತುರೊ ವಕ್ಕಾರಿ ಮಾಡಿದ್ದು. ಇಥಿಯೋಪಿಯಾದಲ್ಲಿ ಮಕಲ್ಲೆ ಕೋಟೆಯನ್ನು ಮುತ್ತಿಗೆಯ ನಡುವೆ ಹಿಡಿದುಕೊಂಡಿದ್ದು, ಅದೇ 1896ರಲ್ಲಿ ಅಡ್ವಾ ಯುದ್ಧದಲ್ಲಿ ಸತ್ತ ಇಟಲಿಯ ಸೇನಾಧಿಕಾರಿ ಜುಸೆಪ್ಪೆ ಗಲ್ಲಿಯಾನೊನ ಹೆಸರು. ಮೂಗಿಗೆ ಬಡಿಯುವುದು ವೆನಿಲಾ, ಬೆನ್ನಿಗೇ ಚಕ್ರಮೊಗ್ಗು. ಶಿರಸಿ, ಪುತ್ತೂರಿನ ಕಡೆ ವೆನಿಲಾ ಬೆಳೆಸಿದವರಿಗೆ ಗೊತ್ತು, ಹಸಿ ಕೋಡಿಗೆ ಪರಿಮಳವೇ ಇಲ್ಲ, ಬೇಯಿಸಿ ಬೆವರಿಸಿ ಒಣಗಿಸಿದ ಮೇಲೆ ಬರುವುದು. ಗಲ್ಲಿಯಾನೊದಲ್ಲಿ ಆ ಹದಗೊಂಡ ಕೋಡಿನ ವಾಸನೆಯೇ ಯಜಮಾನ. ಕೊಳ್ಳುವಾಗ ಲೇಬಲ್ ಓದಿ: ‘ಲೌತೆಂತಿಕೊ’ (L'Autentico) ಎಂದಿದ್ದರೆ ಆಲ್ಕೋಹಾಲು ಶೇ 42.3, ಮೂಲಿಕೆ ಜೋರು; ವೆನಿಲಾ ಎಂದಿದ್ದರೆ ಶೇ 30, ಬರೀ ಐಸ್‌ಕ್ರೀಮಿನ ನೆನಪು. ಸ್ಟ್ರೇಗಾ ಶೇ 40.

ಈಗ ತಲೆನೋವಿನ ವಿಷಯ: ಗಲ್ಲಿಯಾನೊದ ಬಾಟಲಿ. ರೋಮನ್ ಕಂಬದ ಆಕಾರ, ನೋಡಲು ಚೆಂದ, ಇಡಲು ಜಾಗವಿಲ್ಲ. ಉಳಿದ ಬಾಟಲಿಗಳು ನಿಲ್ಲುವ ಶೆಲ್ಫಿಗೆ ಇದರ ತಲೆ ತಾಗುತ್ತದೆ. ಮೇಲಿನ ಹಲಗೆ ಕೀಳಬೇಕು, ಇಲ್ಲವೇ ಅಲ್ಮೇರಾದ ಮೇಲಿಟ್ಟು ಬೆಳಕಿಗೆ ಒಡ್ಡಬೇಕು. ಹಾಗಂತ ಮಲಗಿಸುವ ಉಪಾಯ ಬೇಡ. ವೈನ್ ಮಲಗಿಸುವುದು ಬಿರಡೆ ಒಣಗದಿರಲಿ ಎಂದು. ಇಷ್ಟು ಗಟ್ಟಿ ಆಲ್ಕೋಹಾಲು ಸದಾ ಮುಚ್ಚಳಕ್ಕೆ ತಾಗುತ್ತಿದ್ದರೆ ಒಳಪದರ ಹಾಳಾಗುತ್ತದೆ. ಸಕ್ಕರೆ ತುಂಬಿದ ದ್ರವ ಹನಿಹನಿ ಜಿನುಗಿ ಮರೆಯಲ್ಲಿ ಒಣಗಿ ಕಲ್ಲಾಗುತ್ತದೆ, ಇರುವೆಗೆ ಹಬ್ಬ.

ಪರಿಹಾರ ಒಂದೇ, ಬೇರೆ ಬಾಟಲಿಗೆ ತುಂಬಿಸುವುದು. 350 ಮಿ.ಲೀ.ನ ಎರಡು ಗಾಜಿನ ಬಾಟಲಿ, ಬಿಗಿ ತಿರುಪು ಮುಚ್ಚಳದವು. ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಂದನ್ನು ಕತ್ತಿನವರೆಗೂ ತುಂಬಿಸಿ ಮುಚ್ಚಿಡಿ, ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಪರಿಮಳ ಉಳಿಯುತ್ತದೆ, ಬಳಸುವುದು ಇನ್ನೊಂದನ್ನು. ಹೆಸರು ಬರೆದು ಅಂಟಿಸಿ, ಹಳದಿ ನೀರೆಲ್ಲ ಒಂದೇ ಥರ ಕಾಣುತ್ತದೆ. ಮುಚ್ಚಳ ಕಚ್ಚಿಕೊಂಡರೆ ಇಕ್ಕಳ ಹಾಕಬೇಡಿ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಎರಡು ನಿಮಿಷ ಸುತ್ತಿಟ್ಟರೆ ಸಕ್ಕರೆ ಕರಗಿ ತಾನೇ ಬಿಡುತ್ತದೆ. ಸುರಿದ ಮೇಲೆ ಪ್ರತಿ ಸಲ ಬಾಯಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆ ಪಾಡೂ ಇಲ್ಲ. ಈ ಮಾತು ಸ್ಟ್ರೇಗಾಕ್ಕೂ ಸೇರಿ.

ಸ್ಟ್ರೇಗಾದ ಕೊರತೆ: ಕೇಸರಿಯ ಬಣ್ಣ ಬಿಸಿಲಿಗೆ ಮಾಸುತ್ತದೆ, ಕತ್ತಲಲ್ಲಿಡಿ.

ಒಂದರ ಜಾಗಕ್ಕೆ ಇನ್ನೊಂದು ನಡೆಯುತ್ತದೆಯೇ? ಹಾರ್ವಿ ವಾಲ್‌ಬ್ಯಾಂಗರ್ ಎಂಬ ಕಾಕ್‌ಟೇಲ್‌ಗೆ 45 ಮಿ.ಲೀ. ವೋಡ್ಕಾ, 90 ಮಿ.ಲೀ. ಕಿತ್ತಳೆ ರಸ, ಮೇಲೆ 15 ಮಿ.ಲೀ. ಗಲ್ಲಿಯಾನೊ. ಅದೇ 15 ಮಿ.ಲೀ. ಸ್ಟ್ರೇಗಾ ಹಾಕಿದರೆ ಹಲ್ಲುಜ್ಜಿ ಕಿತ್ತಳೆ ತಿಂದ ಹಾಗಿರುತ್ತದೆ: ಕಿತ್ತಳೆಯ ಹುಳಿಯನ್ನು ಮೆತ್ತಗಾಗಿಸುವ ವೆನಿಲಾ ಇಲ್ಲ, ಪುದೀನ ಎದ್ದು ಕೂರುತ್ತದೆ. ಸ್ಟ್ರೇಗಾವನ್ನು 10 ಮಿ.ಲೀ.ಗೆ ಇಳಿಸಿ ಎರಡು ಹನಿ ವೆನಿಲಾ ಎಸೆನ್ಸ್ ಬಿಟ್ಟರೆ ಗಂಟಲಿಗಿಳಿಯುತ್ತದೆ, ಅಷ್ಟೇ. ಬಿಸಿ ಕಾಫಿ, ಕೆನೆ ಜೊತೆಗೂ ಗಲ್ಲಿಯಾನೊ ಮುಂದು.

ಕೇಕಿನ ವಿಷಯಕ್ಕೆ ಬಂದರೆ ತಿರುಗುಮುರುಗು. ದಕ್ಷಿಣ ಇಟಲಿಯಲ್ಲಿ ಸ್ಪಾಂಜ್ ಕೇಕನ್ನು ಸ್ಟ್ರೇಗಾದಲ್ಲಿ ನೆನೆಸುವುದು ರೂಢಿ. 200 ಮಿ.ಲೀ. ನೀರು, 100 ಗ್ರಾಂ ಸಕ್ಕರೆ ಕುದಿಸಿ, ಪೂರ್ತಿ ಆರಿದ ಮೇಲೆ 50 ಮಿ.ಲೀ. ಸ್ಟ್ರೇಗಾ ಬೆರೆಸಿ. ಬಿಸಿಯಿದ್ದಾಗಲೇ ಹಾಕಿದರೆ ಪರಿಮಳ ಹಬೆಯಲ್ಲಿ ಹೋಗಿ ಕಹಿಯಷ್ಟೇ ಉಳಿಯುತ್ತದೆ. ಇಲ್ಲಿ ಗಲ್ಲಿಯಾನೊ ಹಾಕುವುದು ದಂಡ. ಕೇಕಿನಲ್ಲಿ ವೆನಿಲಾ ಮೊದಲೇ ಇರುತ್ತದಲ್ಲ.

ಲೆಕ್ಕ ಹೀಗೆ: 30 ಮಿ.ಲೀ. ಪ್ರಕಾರ 700 ಮಿ.ಲೀ. ಸ್ಟ್ರೇಗಾ 23 ರಾತ್ರಿಗೆ. ಗಲ್ಲಿಯಾನೊ 15 ಮಿ.ಲೀ. ಪ್ರಕಾರ 46 ಗ್ಲಾಸಿಗೆ ಬರುತ್ತದೆ, ಆದರೆ ಪ್ರತಿ ಗ್ಲಾಸಿಗೂ ವೋಡ್ಕಾ, ತಾಜಾ ಕಿತ್ತಳೆ ಬೇರೆ ಬೇಕು. ಶೇಕರ್ ಇಲ್ಲದ, ಒಂದೇ ಬಾಟಲಿಗೆ ಬಜೆಟ್ ಇರುವ ನನ್ನಂಥ ಮನೆಗೆ ಸ್ಟ್ರೇಗಾ ಸಾಕು. ವಾರಾಂತ್ಯ ಹತ್ತು ಜನರನ್ನು ಕರೆದು ಕಾಕ್‌ಟೇಲ್ ಮಾಡುವವರು ಗಲ್ಲಿಯಾನೊ ತನ್ನಿ, ಮೊದಲು ಶೆಲ್ಫ್ ಅಳೆಯಿರಿ. ವಿದೇಶದಿಂದ ಬರುವಾಗ ಒಬ್ಬರಿಗೆ 2 ಲೀಟರ್ ತನಕ ಸುಂಕವಿಲ್ಲ; ಎರಡನ್ನೂ ತಂದರೂ 1.4 ಲೀಟರ್.

ಸ್ಟ್ರೇಗಾವನ್ನು ಫ್ರೀಜರಿಗೆ ಹಾಕಬಹುದು, ಹೆಪ್ಪುಗಟ್ಟುವುದಿಲ್ಲ, ಪಾಕದ ಹಾಗೆ ದಪ್ಪಗಾಗುತ್ತದೆ. ಆದರೆ ಆ ಚಳಿಯಲ್ಲಿ ಪುದೀನ ಮಾತ್ರ ಎದ್ದು ತೋರಿ ಕೇಸರಿ ಅಡಗುತ್ತದೆ. ಹೊರತೆಗೆದು ಗ್ಲಾಸಿಗೆ ಸುರಿದು ಹತ್ತು ನಿಮಿಷ ಬಿಟ್ಟು ಕುಡಿಯಿರಿ.